ನಡುಗಡ್ಡೆಯಲ್ಲಿ ಬಡಿಸಿದ ಬಿರಿಯಾನಿ

ಹುಣಸೂರಿನ ನಮ್ಮ ಬೀದಿಯಲ್ಲಿ ಒಂದು ಮನೆಗೆ ಗಂಡಿನ ಕಡೆಯವರು ಬಂದರೆ ಅದು ಆ ಮನೆಗೆ ಮಾತ್ರ ಬಂದ ಹಾಗಲ್ಲ. ಎದುರು ಮನೆಯವರು ಅವರೆಕಾಯಿ ಕಾಲವಲ್ಲದಿದ್ದರೂ ಅವರೆಕಾಯಿ ಸುಲಿಯುವವರ ಹಾಗೆ ಬಾಗಿಲಲ್ಲಿ ಕೂರುತ್ತಾರೆ. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಸಕ್ಕರೆ ಮುಗಿದುಹೋಗುತ್ತದೆ, ಲೋಟ ಹಿಡಿದು ಬರುತ್ತಾರೆ. ಬಂದವರು ಎಷ್ಟು ಹೊತ್ತು ಕೂತರು, ಹೋಗುವಾಗ ಮುಖ ಹೇಗಿತ್ತು ಎನ್ನುವುದು ಸಂಜೆಯ ಚಹಾದ ಹೊತ್ತಿಗೆ ಮಸೀದಿಯ ಬೀದಿ ಮುಟ್ಟಿರುತ್ತದೆ.

ನನಗೆ ಮೂರು ಸಲ ಹೀಗಾಗಿತ್ತು. ಮೊದಲನೆಯವರು ನನ್ನ ಕನ್ನಡಕ ದಪ್ಪ ಎಂದರು. ಎರಡನೆಯವರು ತಿಳಿಸುತ್ತೇವೆ ಎಂದು ಹೋದವರು ಇವತ್ತಿಗೂ ತಿಳಿಸಿಲ್ಲ. ಮೂರನೆಯವರನ್ನು ನಾನೇ ಓಡಿಸಿದೆ ಎಂದು ಅಮ್ಮಿ ಈಗಲೂ ಹೇಳುತ್ತಾರೆ. ನಾನು ಮಾಡಿದ್ದಿಷ್ಟೇ: ಹುಡುಗನ ತಂಗಿ ತೊಟ್ಟಿದ್ದ ಕಮೀಜಿನಲ್ಲಿ ಬಲಗೈ ತೋಳನ್ನು ಎಡಗೈಗೆ ಕೂರಿಸಿದ್ದಾರೆ, ಬಿಚ್ಚಿ ಸರಿ ಮಾಡಿಕೊಡಲಾ ಎಂದು ಕೇಳಿದೆ. ಅದನ್ನು ಹೊಲಿದವರು ಹುಡುಗನ ತಾಯಿ ಎಂದು ನನಗೇನು ಗೊತ್ತು?

ನಾನು ಟೈಲರ್. ಅಬ್ಬಾ ಬಡಗಿ. ಅವರ ಮರಗೆಲಸದ ಅಂಗಡಿಯ ಮುಂದಿನ ಮೂಲೆಯಲ್ಲಿ ಒಂದು ಹೊಲಿಗೆ ಮೆಷಿನ್ ಹಾಕಿಕೊಂಡು ಬ್ಲೌಸು, ಚೂಡಿದಾರ, ಬುರ್ಖಾ ಹೊಲಿಯುತ್ತಿದ್ದೆ. ಸೀರೆಯ ಫಾಲ್ಸ್ ಹಾಕಿಸಲು ಗಾವಡಗೆರೆಯಿಂದ ಬಸ್ಸಿನಲ್ಲಿ ಬರುವವರೂ ಇದ್ದರು. ಆದರೆ ಅಂಗಡಿಗೆ ಬೋರ್ಡಿರಲಿಲ್ಲ. ಊರಿನ ಅರ್ಧ ಮನೆಗಳಿಗೆ ಬಾಗಿಲು ಕಿಟಕಿ ಮಾಡಿಕೊಟ್ಟ ಅಬ್ಬಾ ನನಗೊಂದು ಹಲಗೆ ಮಾಡಿಕೊಡಲಿಲ್ಲ. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದು ತೂಗುಹಾಕಿದ್ದೆ. ಮಳೆ ಬಂದರೆ ಅಕ್ಷರ ಅಳುತ್ತಿತ್ತು. ಒಮ್ಮೆ ಕೇಳಿದ್ದಕ್ಕೆ ಅಬ್ಬಾ ತಲೆಯೆತ್ತದೆ, "ಹೋಗೋಳಿಗೆ ಬೋರ್ಡ್ ಯಾಕೆ?" ಎಂದು ರಂದ ಹೊಡೆದು ಹಲಗೆ ನುಣುಪು ಮಾಡುತ್ತಲೇ ಇದ್ದರು. (ಮನೆಯಲ್ಲಿ ನಮ್ಮದು ಉರ್ದು. ಅದನ್ನು ಇಲ್ಲಿ ನಾವು ಬೀದಿಯಲ್ಲಿ ಆಡುವ ಕನ್ನಡಕ್ಕೆ ತಂದಿದ್ದೇನೆ, ಇಲ್ಲದಿದ್ದರೆ ನೀವು ಓದುವುದು ಹೇಗೆ?) ಆ ಮಾತಿಗೆ ನನಗೆ ಬಹಳ ದಿನ ಕೋಪ ಇತ್ತು. ಈ ಮನುಷ್ಯನಿಗೆ ನನ್ನ ಕೆಲಸ ಹೊತ್ತು ಕಳೆಯುವ ಆಟ ಎಂದುಕೊಂಡಿದ್ದೆ.

ನನಗೆ ಬೇಕಾಗಿದ್ದದ್ದು ಒಂದೇ. ಮದುವೆಯಾಗಿ ಎಲ್ಲಿಗೆ ಹೋದರೂ ಮೆಷಿನ್ ನನ್ನ ಜೊತೆ ಬರಬೇಕು, ಅದನ್ನು ಮಂಚದ ಕೆಳಗೆ ತಳ್ಳದೆ ಬೀದಿ ಕಡೆಗೆ ಹಾಕಲು ಬಿಡಬೇಕು. ಬಿಡುತ್ತೇನೆ ಎನ್ನುವವನು ಕುಳ್ಳಗಿದ್ದರೂ ಸರಿ, ಬೋಳುತಲೆಯಾದರೂ ಸರಿ. "ಅದನ್ನೆಲ್ಲ ನಾವು ಕೇಳಬಾರದು, ಹೆಣ್ಣಿನ ಕಡೆಯವರು ಷರತ್ತು ಹಾಕಿದ ಹಾಗಾಗ್ತದೆ," ಎಂದರು ಅಮ್ಮಿ. ಅಬ್ಬಾ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು. ಹಾಗಾದರೆ ನಾನೇ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡೆ.

ನಾಲ್ಕನೆಯ ಸಂಬಂಧ ತಂದವರು ನನ್ನ ಖಾಲಾ, ಅಮ್ಮಿಯ ತಂಗಿ. ಹುಡುಗ ಕೆ.ಆರ್. ನಗರದವನು, ಹಾರ್ಡ್‌ವೇರ್ ಅಂಗಡಿ. ಈ ಸಲ ಬೀದಿಯ ಕಣ್ಣಿಗೆ ಬೀಳಬಾರದೆಂದು ಖಾಲಾ ಉಪಾಯ ಮಾಡಿದರು. ರಂಜಾನ್ ಹಬ್ಬದ ಮಾರನೆಯ ದಿನವನ್ನು ನಾವು ಬಾಸಿ ಈದ್ ಎನ್ನುತ್ತೇವೆ. ಅವತ್ತು ಎಲ್ಲರೂ ಬುತ್ತಿ ಕಟ್ಟಿಕೊಂಡು ಎಲ್ಲಿಗಾದರೂ ಹೊರಡುತ್ತಾರೆ. ಹೊರಡದಿದ್ದರೇ ಜನ ಯಾಕೆ ಎಂದು ಕೇಳುತ್ತಾರೆ. ಕೊಪ್ಪ ದಾಟಿದ ಮೇಲೆ ಕಾವೇರಿಯ ನಡುವೆ ಒಂದು ನಡುಗಡ್ಡೆ ಇದೆ. ತೂಗುಸೇತುವೆ ದಾಟಿ ಹೋದರೆ ಬಿದಿರುಮೆಳೆ, ಜಿಂಕೆ, ಮೊಲ, ಮಕ್ಕಳ ಉಯ್ಯಾಲೆ. ಮೈಸೂರಿನಿಂದಲೂ ಜನ ಕಾರು ಮಾಡಿಕೊಂಡು ಬರುವ ಪಾರ್ಕು. ಎರಡು ಕಡೆಯವರೂ ಅಲ್ಲಿಗೆ ಹೋಗುವುದು, ಆಕಸ್ಮಿಕವಾಗಿ ಭೇಟಿಯಾಗುವುದು, ಒಟ್ಟಿಗೆ ಕೂತು ಉಣ್ಣುವುದು. ಒಪ್ಪಿಗೆಯಾದರೆ ಖಾಲಾ ಹೇಳುತ್ತಾರೆ. ಆಗದಿದ್ದರೆ ಯಾರೂ ಯಾರನ್ನೂ ನೋಡಿಯೇ ಇಲ್ಲ.

ಇದರಲ್ಲಿ ಒಂದು ನಿಯಮ ಮುರಿಯುವ ಹಾಗಿಲ್ಲ: ಹುಡುಗಿ ನೋಡಲು ಬಂದಿದ್ದೇವೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬಾರದು. ಕೇಳಲೂ ಬಾರದು. ಹೆಣ್ಣಿನ ಫೋಟೋ ಫೋನಿನಲ್ಲಿ ಊರೂರು ಸುತ್ತಬಾರದೆಂದು ಅಬ್ಬಾ ನನ್ನ ಫೋಟೋ ಕಳಿಸಿರಲಿಲ್ಲ. ಹಟಕ್ಕೆ ಬಿದ್ದು ಅವರೂ ಹುಡುಗನ ಫೋಟೋ ಕಳಿಸಿರಲಿಲ್ಲ. ಎರಡೂ ಕಡೆಯ ಮುಖ ಗೊತ್ತಿದ್ದವರು ಖಾಲಾ ಒಬ್ಬರೇ.

ಹೊರಟಿದ್ದು ಅಬ್ಬಾನ ಸ್ನೇಹಿತನ ವ್ಯಾನಿನಲ್ಲಿ. ಅವರು ಗಾವಡಗೆರೆಯವರು, ಅಂಗಡಿಗೆ ಮರ ತಂದು ಹಾಕುವವರು, ನನಗೆ ಚಿಕ್ಕಂದಿನಿಂದ ಮಾಮ. ಅಮ್ಮಿ ಬೆಳಗಿನ ಜಾವಕ್ಕೇ ಎದ್ದು ಬಿರಿಯಾನಿ ದಮ್ಮಿಗೆ ಹಾಕಿ, ತಾಮ್ರದ ದೇಗ್ಚಿಯ ಮುಚ್ಚಳಕ್ಕೆ ಸುತ್ತ ಗೋಧಿಹಿಟ್ಟು ಮೆತ್ತಿದ್ದರು. ಮಾಮ ಆ ದೇಗ್ಚಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು.

"ಅಲ್ಲಾ ಮಾಮ, ನಂಗೇ ಬೆಲ್ಟ್ ಇಲ್ಲ, ಬಿರಿಯಾನಿಗೆ ಬೆಲ್ಟಾ?"

"ಸುಮ್ಕಿರವ್ವ. ನೀನು ಬಿದ್ರೆ ಎದ್ದೇಳ್ತೀಯ. ಅದು ಬಿದ್ರೆ ಎತ್ತಾಕಾಯ್ತದಾ?"

ಪಿರಿಯಾಪಟ್ಟಣ ದಾಟುವವರೆಗೂ ಖಾಲಾ ನನಗೆ ಪಾಠ ಹೇಳಿದರು. ತಲೆ ತಗ್ಗಿಸು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಯಾರ ಬಟ್ಟೆಯನ್ನೂ ನೋಡಬೇಡ. ಈ ಕೊನೆಯದನ್ನು ಮೂರು ಸಲ ಹೇಳಿದರು.

ತೂಗುಸೇತುವೆಯ ಬಳಿ ಬಂದಾಗ ಹಬ್ಬದ ಜನ ಜಾತ್ರೆಯಂತಿದ್ದರು. ಕಾವಲಿನವರು ಪ್ಲಾಸ್ಟಿಕ್ ಇದೆಯೇ ಎಂದು ಎಲ್ಲರ ಚೀಲ ನೋಡುತ್ತಿದ್ದರು. ಮಾಮ ದೇಗ್ಚಿಯನ್ನು ಅವರ ಮೂಗಿನ ಬಳಿ ಹಿಡಿದು, "ಮೂಸಿ ನೋಡಿ ಸಾಮಿ, ಪ್ಲಾಸ್ಟಿಕ್ ವಾಸ್ನೆ ಏನಾರಾ ಬತ್ತದಾ?" ಎಂದರು. ಅವರು ಉಗುಳು ನುಂಗಿ ಬಿಟ್ಟುಕೊಟ್ಟರು. ಎಲ್ಲ ಸರಿಯಾಯಿತು ಎನ್ನುವಾಗ ಖಾಲಾ ಸೇತುವೆಯ ಮೇಲೆ ಎರಡು ಹೆಜ್ಜೆ ಇಟ್ಟರು, ಅದು ತೂಗಿತು, ಖಾಲಾ ಕಲಿಮಾ ಹೇಳುತ್ತ ಹಿಂದಕ್ಕೆ ಬಂದು ಟಿಕೆಟ್ ಕಟ್ಟೆಯ ಮೇಲೆ ಕೂತುಬಿಟ್ಟರು.

"ನನ್ನನ್ನ ಕೊಂದ್ರೂ ನಾ ಬರಲ್ಲ."

"ನೀನು ಬರ್ದೆ ಅವರನ್ನ ಗುರುತಿಸೋದು ಯಾರು?" ಅಮ್ಮಿ ಕೇಳಿದರು.

"ಅದೇನು ದೊಡ್ಡ ವಿಷ್ಯ? ಬಿದಿರುಮೆಳೆ ಕೆಳಗೆ ಕೂತಿರ್ತಾರೆ. ತಾಯಿ ಹಾಕಿರೋದು ಹಸಿರು ಅಂಚಿನ ಕಪ್ಪು ಬುರ್ಖಾ. ಹುಡುಗ ಎತ್ತರ, ಬಿಳಿ ಜುಬ್ಬಾ. ಹೋಗಿ ಸಲಾಂ ಹೇಳಿ, ಊಟಕ್ಕೆ ಕರೀರಿ. ಮಿಕ್ಕಿದ್ದು ಅವರೇ ನೋಡ್ಕೋತಾರೆ."

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ವರ್ಷ ಹಸಿರು ಅಂಚಿನ ಬುರ್ಖಾ ಎಲ್ಲರಿಗೂ ಹುಚ್ಚು ಹಿಡಿಸಿತ್ತು. ಆ ರಂಜಾನಿನಲ್ಲಿ ನಾನೊಬ್ಬಳೇ ಏಳು ಹೊಲಿದಿದ್ದೆ. ಆ ಗುರುತು ಗುರುತೇ ಅಲ್ಲ ಎಂದು ಹೇಳಬೇಕಾದವಳು ನಾನು. ಆದರೆ ನನ್ನ ತಲೆಯಲ್ಲಿ ಮೆಷಿನ್ ವಿಷಯ ಹೇಗೆ ಕೇಳುವುದು ಎನ್ನುವುದೇ ತಿರುಗುತ್ತಿತ್ತು.

ದಾಟಿದೆವು. ಮಾಮ ದೇಗ್ಚಿಯನ್ನು ಹೆಗಲ ಮೇಲೆ ಹೊತ್ತು ಮುಂದೆ, ಅಬ್ಬಾ ಹಿಂದೆ, ನಡುವೆ ನಾವಿಬ್ಬರು. ಕೆಳಗೆ ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಆಚೆ ದಡದಲ್ಲಿ ಬೈಲಕುಪ್ಪೆಯ ಕಡೆಯ ಇಬ್ಬರು ಲಾಮಾಗಳು ಐಸ್ ಕ್ರೀಂ ತಿನ್ನುತ್ತ ನಮ್ಮ ದೇಗ್ಚಿಯನ್ನು ಭಕ್ತಿಯಿಂದ ನೋಡಿದರು.

ಬಿದಿರುಮೆಳೆ ಒಂದಲ್ಲ, ಹತ್ತಾರು. ಮೊದಲನೆಯದರ ಕೆಳಗೆ ಕಂಬಳಿ ಹಾಸಿಕೊಂಡು ಒಂದು ಕುಟುಂಬ ಕೂತಿತ್ತು. ಹಸಿರು ಅಂಚಿನ ಬುರ್ಖಾ ಹಾಕಿದ ತಾಯಿ, ಗಡ್ಡಕ್ಕೆ ಮೆಹೆಂದಿ ಹಚ್ಚಿದ ತಂದೆ, ಬಿಳಿ ಜುಬ್ಬಾದ ಎತ್ತರದ ಹುಡುಗ. ಅಮ್ಮಿ ನನ್ನ ಮೊಣಕೈ ಹಿಂಡಿದರು. ಅಬ್ಬಾ ಗಂಟಲು ಸರಿ ಮಾಡಿಕೊಂಡು ಸಲಾಂ ಹೇಳಿದರು.

"ಬಿರಿಯಾನಿ ಜಾಸ್ತಿಯಾಗಿದೆ. ನಾವು ನಾಲ್ಕೇ ಜನ. ಹಬ್ಬದ ಊಟ, ಒಟ್ಟಿಗೆ ಮಾಡೋಣ ಅಂತ..."

ಇಷ್ಟು ಸೊಗಸಾಗಿ ಸುಳ್ಳು ಹೇಳಲು ಅಬ್ಬಾನಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಬ್ಬದ ಊಟಕ್ಕೆ ಕರೆದರೆ ನಮ್ಮಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿ, "ಅದಕ್ಕೇನು, ಬನ್ನಿ ಬನ್ನಿ," ಎಂದು ಸರಿದು ಜಾಗ ಕೊಟ್ಟರು. ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದುಕೊಂಡೆ. ನಿಜಕ್ಕೂ ಏನೂ ಗೊತ್ತಿಲ್ಲದವರ ಹಾಗೆಯೇ ಇದ್ದರು.

ಅಮ್ಮಿ ಚಾಕುವಿನಿಂದ ಹಿಟ್ಟಿನ ಅಂಟು ಬಿಡಿಸಿ ಮುಚ್ಚಳ ತೆಗೆದರು. ಸುತ್ತಲಿನ ನಾಲ್ಕು ಮೆಳೆಗಳವರು ನಮ್ಮ ಕಡೆ ತಿರುಗಿದರು. ನಾನು ಬಡಿಸಿದೆ. ತಲೆ ತಗ್ಗಿಸಿದ್ದೆ, ಬಟ್ಟೆ ನೋಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೆ. ಆದರೆ ಬಗ್ಗಿ ಬಡಿಸುವಾಗ ಕಣ್ಣು ಎಲ್ಲಿಗೆ ಹೋಗಬೇಕು? ತಾಯಿಯ ಬುರ್ಖಾದ ಪಕ್ಕದ ಹೊಲಿಗೆ ಕಂಕುಳಿಂದ ಸೊಂಟದವರೆಗೆ ಸುಕ್ಕುಗಟ್ಟಿತ್ತು, ದಾರ ಬಿಗಿ ಮಾಡಿ ಎಳೆದಿದ್ದಾರೆ. ಹುಡುಗನ ಜುಬ್ಬಾದ ಎಡ ಹೆಗಲ ಮೇಲೆ ಏನೋ ಬಿಳಿ ಕಲೆ ಒಣಗಿತ್ತು. ಹೆಣ್ಣು ನೋಡಲು ಬರುವ ದಿನವಾದರೂ ಒಗೆದ ಜುಬ್ಬಾ ಹಾಕಿಕೊಳ್ಳಬಾರದೆ? ಗಲೀಜು ಮನುಷ್ಯ ಎಂದು ಒಂದು ಅಂಕ ಕಳೆದೆ. ಆದರೆ ಅವನು ಅಮ್ಮಿಗೆ ಮೊದಲು ನೀರು ಕೊಟ್ಟು ಆಮೇಲೆ ತಾನು ಕುಡಿದ. ಆ ಅಂಕವನ್ನು ಮತ್ತೆ ಕೊಟ್ಟೆ.

ಊಟ ಜೋರಾಗಿಯೇ ನಡೆಯಿತು. ಹುಡುಗ ಮೂರು ಸಲ ಹಾಕಿಸಿಕೊಂಡ. ನಾಚಿಕೆ ಅನ್ನುವುದು ಅವನ ಹತ್ತಿರ ಸುಳಿದಿರಲಿಲ್ಲ. ಅವನ ತಾಯಿ ಮೂಳೆ ಚೀಪುತ್ತ ನನ್ನನ್ನು ಕೇಳಿದರು:

"ಏನ್ ಮಾಡ್ಕೊಂಡಿದ್ದೀಯಮ್ಮ?"

ಬಂತು ನೋಡಿ, ನಾನು ಕೇಳಬೇಕಾಗಿದ್ದ ವಿಷಯ ತಾನಾಗಿ ಬಂತು.

"ಟೈಲರಿಂಗು. ಅಂಗಡಿ ಇದೆ."

"ಅಯ್ಯೋ, ಮದುವೆ ಆಗೋವರೆಗೂ ಸರಿ ಬುಡು," ಎಂದರು ಅವರು, ಮತ್ತೊಂದು ಮೂಳೆ ಆರಿಸಿಕೊಳ್ಳುತ್ತ. "ಸೊಸೆ ಬೀದಿಗೆ ಮುಖ ಮಾಡ್ಕೊಂಡು ಮೆಷಿನ್ ತುಳೀತಾ ಕೂತ್ರೆ ಚೆಂದಾನಾ? ನಮ್ಮ ಮನೇಲಿ ಅದೆಲ್ಲ ನಡೆಯಲ್ಲಪ್ಪ. ಮೆಷಿನ್ ಮೂಲೆಗೆ ಹಾಕು ಅಂತ ನಾನು ಮೊದ್ಲೇ ಹೇಳ್ಬಿಡ್ತೀನಿ."

ಹುಡುಗ ಲಿಂಬೆ ಹಿಂಡುತ್ತಿದ್ದ. ನನಗೆ ಅಳು ಬರುವ ಹಾಗಾಯಿತು. ಆಗಲ್ಲ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಅಮ್ಮಿ ಕಂಬಳಿಯ ಕೆಳಗೆ ನನ್ನ ಕಾಲು ಒತ್ತಿದರು. ಒಂದು ಕ್ಷಣ ನಾನು ನಾಲ್ಕನೆಯ ಸಲವೂ ಬೇಡ ಎನಿಸಿಕೊಂಡು ಬೀದಿಗೆ ವಾಪಸಾಗುವುದು ಕಣ್ಣಿಗೆ ಕಟ್ಟಿತು. ಸುಮ್ಮನಿದ್ದರೆ ಮೆಷಿನ್ ಹೋಗುತ್ತದೆ, ಬಾಯಿ ಬಿಟ್ಟರೆ ಸಂಬಂಧ ಹೋಗುತ್ತದೆ. ಆ ಹೊತ್ತಿನಲ್ಲಿ ನಾನು ಸುಮ್ಮನೇ ಇದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದೆ.

ಎದ್ದು ನಿಂತದ್ದು ಅಬ್ಬಾ.

ಅಬ್ಬಾ ಮೂರು ಸಂಬಂಧಗಳಲ್ಲೂ ಚಹಾ ಕುಡಿಯಿರಿ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದವರಲ್ಲ. ಅವತ್ತು ಕೈಯಲ್ಲಿ ಅನ್ನ ಮೆತ್ತಿಕೊಂಡೇ ನಿಂತು, ಮರ ಕೊಯ್ಯುವ ಮೆಷಿನ್ ಪಕ್ಕದಲ್ಲಿ ಮಾತಾಡುವವರ ಹಾಗೆ ಗಟ್ಟಿಯಾಗಿ ಹೇಳಿದರು:

"ನೋಡಿ, ಊಟ ಮಾಡಿ, ಹೊಟ್ಟೆ ತುಂಬ ಮಾಡಿ. ಆದ್ರೆ ಮಗಳನ್ನ ನಾ ಕೊಡಲ್ಲ. ನನ್ನ ಕೆಲಸದಲ್ಲಿ ಸಂದು ಬಿಟ್ರೆ ಮೇಲೊಂದು ಪಟ್ಟಿ ಹೊಡೆದು ಮುಚ್ಚಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಅವಳು ಬಟ್ಟೇಲಿ ಹಂಗೆ ಮುಚ್ಚೋದಿಲ್ಲ, ಬಿಚ್ಚಿ ಮತ್ತೆ ಹೊಲೀತಾಳೆ. ನಾನು ಪಕ್ಕದಲ್ಲೇ ಕೂತು ಆರು ವರ್ಷದಿಂದ ನೋಡ್ತಾ ಇದ್ದೀನಿ. ನನಗಿಂತ ಒಳ್ಳೆ ಕೆಲಸಗಾರ್ತಿ ಅವಳು. ಅವಳ ಮೆಷಿನ್ ಮೂಲೆಗೆ ಹಾಕೋ ಮನೆಗೆ ಅವಳು ಬರಲ್ಲ."

ನನ್ನ ಕನ್ನಡಕದೊಳಗೆ ಮಂಜು ಕವಿಯಿತು. ಆರು ವರ್ಷ ಆ ಮನುಷ್ಯ ರಂದದಿಂದ ತಲೆಯೆತ್ತಿದ್ದನ್ನು ನಾನು ನೋಡಿರಲಿಲ್ಲ. ಅವರು ಎಲ್ಲವನ್ನೂ ನೋಡಿದ್ದರು.

ಮೆಹೆಂದಿ ಗಡ್ಡದವರು ತುತ್ತನ್ನು ಬಾಯಿಯ ಹತ್ತಿರವೇ ಹಿಡಿದು ಕೇಳಿದರು: "ಯಾರಿಗೆ ಕೊಡಲ್ಲ?"

ಅದೇ ಹೊತ್ತಿಗೆ ಮೊಲದ ಗೂಡಿನ ಕಡೆಯಿಂದ ಒಬ್ಬಳು ಹೆಂಗಸು ಸೊಂಟದಲ್ಲಿ ಕೂಸನ್ನು ಎತ್ತಿಕೊಂಡು ಬಂದಳು. ಕೂಸು ಕೈ ಚಾಚಿತು. ಹುಡುಗ ಎದ್ದು ಅದನ್ನು ಎತ್ತಿ ಎಡ ಹೆಗಲಿಗೆ ಹಾಕಿಕೊಂಡ. ಅದು ಅಲ್ಲೇ, ಆ ಬಿಳಿ ಕಲೆಯ ಮೇಲೆಯೇ, ಇನ್ನೊಂದಿಷ್ಟು ಹಾಲು ಕಕ್ಕಿತು.

"ಬಿರಿಯಾನಿ ನನಗೆ ಇಟ್ಟಿದ್ದೀರಾ ಇಲ್ವಾ?" ಎಂದು ಅವಳು ಗಂಡನನ್ನು ಕೇಳಿದಳು.

ಅವರು ಪಿರಿಯಾಪಟ್ಟಣದವರು. ಹಬ್ಬ ಅಂತ ಬಂದಿದ್ದರು, ಅಷ್ಟೇ. ಆ ತಾಯಿ ಮೆಷಿನ್ ಮೂಲೆಗೆ ಹಾಕಿಸಿದ್ದು ಈ ಸೊಸೆಯದು. ಅವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಅಮ್ಮಿ ಮುಖಕ್ಕೆ ದುಪಟ್ಟಾ ಎಳೆದುಕೊಂಡರು. ಮಾಮ ಬಿದಿರು ಹಿಡಿದುಕೊಂಡು ನಗುವುದನ್ನು ತಡೆಯಲಾರದೆ ಹೇಳಿದರು:

"ಸಾಬ್ರೇ, ಅವ್ರು ಕೇಳ್ನೇ ಇಲ್ಲ. ಕೇಳ್ದೆ ಇರೋ ಎಣ್ಣ ಕೊಡಾಕಿಲ್ಲ ಅಂದ್ಬುಟ್ರಲ್ಲ ಕಣ್ರೀ!"

ಅಬ್ಬಾ ಕೆಂಪಗಾದರು. ಆದರೆ ಕೂರಲಿಲ್ಲ, ಮಾತನ್ನು ವಾಪಸು ತಗೊಳ್ಳಲೂ ಇಲ್ಲ. "ಹೇಳಿದ್ದು ಹೇಳಿದ್ದೇ," ಎಂದರು. ಆಮೇಲೆ ಆ ಸೊಸೆಗೆ ತಾವೇ ತಟ್ಟೆ ತುಂಬ ಬಡಿಸಿದರು, ಮೊಟ್ಟೆ ಹುಡುಕಿ ಹಾಕಿ.

ನಿಜವಾದ ಗಂಡಿನ ಕಡೆಯವರು ಎಲ್ಲಿದ್ದರು? ಪಕ್ಕದ ಮೆಳೆಯ ಕೆಳಗೆ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿಕೊಂಡು, ಹಸಿರು ಅಂಚಿನ ಬುರ್ಖಾದ ತಾಯಿ, ಬಿಳಿ ಜುಬ್ಬಾದ ಎತ್ತರದ ಹುಡುಗ, ಎಲ್ಲ ಖಾಲಾ ಹೇಳಿದ ಹಾಗೆಯೇ. ಆಕಸ್ಮಿಕವಾಗಿ ಭೇಟಿಯಾಗಬೇಕಾದವರು ತಾವಾಗಿ ಎದ್ದು ಬಂದು ನಾವೇ ಅವರು ಎನ್ನುವುದು ಹೇಗೆ? ತಾಮ್ರದ ದೇಗ್ಚಿ, ದಪ್ಪ ಕನ್ನಡಕದ ಹುಡುಗಿ ಎಂದು ಖಾಲಾ ಅವರಿಗೂ ನಮ್ಮ ಗುರುತು ಹೇಳಿದ್ದರು. ತಮ್ಮ ಪಾಲಿನ ಬಿರಿಯಾನಿ ಬೇರೆಯವರ ಹೊಟ್ಟೆಗೆ ಹೋಗುವುದನ್ನು ನೋಡುತ್ತ ಒಂದು ಗಂಟೆ ಬಿಸ್ಕತ್ತು ತಿಂದಿದ್ದರು. ಅಬ್ಬಾನ ಭಾಷಣ ಪೂರ್ತಿ ಕೇಳಿಸಿಕೊಂಡು ಎದ್ದು ಹೋದರು. ಇದೆಲ್ಲ ನಮಗೆ ತಿಳಿದದ್ದು ಸೇತುವೆಯ ಈಚೆ ಬಂದ ಮೇಲೆ, ಖಾಲಾ ಕೆಂಡದಂತೆ ಕಾಯುತ್ತಿದ್ದಾಗ.

"ಹುಡುಗಿ ಅಪ್ಪನಿಗೆ ತಲೆ ಸರಿ ಇಲ್ಲ ಅಂದ್ರು! ಅಂಥ ಮನೆ ಬೇಡ ಅಂದ್ರು!"

"ಮೆಷಿನ್ ವಿಷ್ಯ ಏನಂದ್ರು?" ಎಂದು ಅಬ್ಬಾ ಕೇಳಿದರು.

"ಅದಕ್ಕೇ ಬೇಡ ಅಂದಿದ್ದು!"

"ಹಂಗಾದ್ರೆ ಸರಿಯಾದವರಿಗೇ ಹೇಳಿದ್ದೀನಿ," ಎಂದು ಅಬ್ಬಾ ವ್ಯಾನ್ ಹತ್ತಿ ಕೂತರು. ಖಾಲಿ ದೇಗ್ಚಿಗೆ ಮಾಮ ಮತ್ತೆ ಬೆಲ್ಟ್ ಹಾಕಿದರು.

ನಾಲ್ಕು ಸಲದಲ್ಲಿ ನನಗೆ ಇಷ್ಟವಾದ ನಿರಾಕರಣೆ ಅದೊಂದೇ. ಬೀದಿಗೆ ಸುದ್ದಿ ಗೊತ್ತಾಗದಿರಲಿ ಎಂದು ಅಷ್ಟು ದೂರ ಹೋಗಿದ್ದೆವು. ನಾವು ಹುಣಸೂರು ಮುಟ್ಟುವ ಮೊದಲೇ ಎದುರು ಮನೆಯವರು ಅವರೆಕಾಯಿ ಮೊರ ಹಿಡಿದು ಹೊರಗೆ ಕೂತಿದ್ದರು. ಅವರ ನಾದಿನಿ ಮೂರನೆಯ ಮೆಳೆಯ ಕೆಳಗೆ ಊಟ ಮಾಡುತ್ತಿದ್ದಳಂತೆ.

ಪಿರಿಯಾಪಟ್ಟಣದ ಆ ತಾಯಿ ತಿಂಗಳೊಳಗೆ ನಮ್ಮ ಅಂಗಡಿ ಹುಡುಕಿಕೊಂಡು ಬಂದರು, ಸುಕ್ಕುಗಟ್ಟಿದ ಬುರ್ಖಾ ಬಿಚ್ಚಿ ಹೊಲಿಸಲು. ಜೊತೆಗೆ ಸೊಸೆಯೂ ಬಂದಿದ್ದಳು. ನಾನು ಬೇಕೆಂದೇ ಒಳಗೆ ಕರೆಯದೆ, ಅತ್ತೆಯನ್ನು ಬೀದಿಗೆ ಮುಖ ಮಾಡಿ ಒಂದು ಗಂಟೆ ಕೂರಿಸಿ, ಸೊಸೆಗೆ ಪಕ್ಕದ ಹೊಲಿಗೆ ಹಾಕುವುದು ತೋರಿಸಿಕೊಟ್ಟೆ.

ಅವರು ಬರುವ ಹೊತ್ತಿಗೆ ಅಂಗಡಿ ಹುಡುಕುವುದು ಕಷ್ಟವಿರಲಿಲ್ಲ. ನಡುಗಡ್ಡೆಯಿಂದ ಬಂದ ಮಾರನೆಯ ಬೆಳಿಗ್ಗೆ ಅಬ್ಬಾ ಸ್ಟೂಲ್ ಹತ್ತಿ ನನ್ನ ಮೂಲೆಯ ಮೇಲೆ ಟೇಪು ಹಿಡಿದು ಅಳತೆ ತೆಗೆದಿದ್ದರು. ಒಂದು ವಾರದಲ್ಲಿ ಬೋರ್ಡ್ ಬಂತು. ತೇಗದ ಚೌಕಟ್ಟು, ಕೆತ್ತಿದ ಅಕ್ಷರ, ಮಳೆ ಬಂದರೂ ಅಳುವುದಿಲ್ಲ. ಅದನ್ನು ಗೋಡೆಗೆ ಕೂರಿಸುವಾಗ ನಾನು ಮೊಳೆಯ ಡಬ್ಬಿ ಎತ್ತಿ ಕೊಟ್ಟೆ. ಅಬ್ಬಾ ಬೇಡ ಎಂದು ಜೇಬಿನಿಂದ ನಾಲ್ಕು ಸ್ಕ್ರೂ ತೆಗೆದರು.

"ಮೊಳೆ ಹೊಡೆದ್ರೆ ಕೀಳುವಾಗ ಮರ ಸೀಳ್ತದೆ," ಎಂದರು, ನನ್ನ ಕಡೆ ನೋಡದೆ. "ಸ್ಕ್ರೂ ಆದ್ರೆ ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ ಬಿಚ್ಕೊಂಡು ಹೋಗ್ಬೋದು."

ಎರಡು ವರ್ಷದ ಮೇಲೆ ಒಂದು ಸಲ ಬಿಚ್ಚಿದೆ. ಈಗ ಅದು ಎಚ್.ಡಿ. ಕೋಟೆಯ ಒಂದು ಬೀದಿಯಲ್ಲಿದೆ. ಕೂರಿಸುವಾಗ ಏಣಿ ಹಿಡಿದುಕೊಂಡವನು ನನ್ನ ಗಂಡ. ಸ್ಕ್ರೂ ಡ್ರೈವರ್ ಮಾತ್ರ ಅಬ್ಬಾನದು. ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.